ರವದಿಯ ಕೆಳಗಿನ ಒಂದು ಮಿಲಿಮೀಟರ್

ಕಬ್ಬು ಕಟಾವಾದ ಹೊಲದಲ್ಲಿ ಕೂಳೆ ಚಿಗುರುವ ಹೊತ್ತಿಗೆ ಸಾಲುಗಳ ನಡುವೆ ಹಾಸಿದ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ಬೂದುಬಣ್ಣಕ್ಕೆ ತಿರುಗಿರುತ್ತದೆ. ಮೇಲಿನ ಪದರ ಮುಟ್ಟಿದರೆ ಮುರಿಯುವಷ್ಟು ಒಣಗಿದ್ದರೂ ನಾಲ್ಕು ಬೆರಳು ಕೆಳಗೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪಗೆ, ತಣ್ಣಗೆ ಇರುತ್ತವೆ. ಅಂಥದ್ದೊಂದು ಎಲೆಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದರೆ ಗಸಗಸೆ ಕಾಳಿನ ಗಾತ್ರದ ಚುಕ್ಕೆಗಳು ಓಡಾಡುತ್ತವೆ. ಬೆರಳು ಹತ್ತಿರ ಒಯ್ದರೆ ಚಂಗನೆ ಹಾರಿ ಕಾಣೆಯಾಗುತ್ತವೆ. ಇವು ಸ್ಪ್ರಿಂಗ್‌ಟೇಲ್‌ಗಳು. ಬಾಗಲಕೋಟೆ ಜಿಲ್ಲೆಯ ಸಮೀರವಾಡಿ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಕಾಲಿಟ್ಟಲ್ಲೆಲ್ಲ ಇವೆ, ಆದರೆ ಇವುಗಳ ಚಿತ್ರ ತೆಗೆದವರು ಕಡಿಮೆ.

ಮ್ಯಾಕ್ರೋ ಫೋಟೋಗ್ರಫಿ ಎಂದೊಡನೆ ಮಾತು ಲೆನ್ಸಿನ ಬೆಲೆಗೆ ಹೋಗುತ್ತದೆ. ಸ್ಪ್ರಿಂಗ್‌ಟೇಲ್‌ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ತೇವ ಎಲ್ಲಿದೆ? ಅದು ಗೊತ್ತಾದವರಿಗೆ ಹಳೆಯ ಕಿಟ್ ಲೆನ್ಸಿನಲ್ಲೂ ಚಿತ್ರ ಸಿಗುತ್ತದೆ. ಅದು ಗೊತ್ತಿಲ್ಲದವರು ಎಷ್ಟು ದುಬಾರಿ ಲೆನ್ಸ್ ತಂದರೂ ಒಣ ಎಲೆಯ ಚಿತ್ರ ತೆಗೆದು ಮನೆಗೆ ಹೋಗಬೇಕಾಗುತ್ತದೆ. ಅದಕ್ಕೇ ಈ ಲೇಖನ ಹೊಲದಿಂದ ಶುರುವಾಗಿ ಆಮೇಲೆ ಕ್ಯಾಮೆರಾಕ್ಕೆ ಬರುತ್ತದೆ.

ಇವು ಯಾರು?

ಆರು ಕಾಲುಗಳಿದ್ದರೂ ಸ್ಪ್ರಿಂಗ್‌ಟೇಲ್‌ಗಳನ್ನು ಇಂದಿನ ವಿಜ್ಞಾನಿಗಳು ಕೀಟಗಳ ಗುಂಪಿನಲ್ಲಿ ಸೇರಿಸುವುದಿಲ್ಲ. ಇವುಗಳ ಬಾಯಿಯ ಅಂಗಗಳು ತಲೆಯ ಒಳಗೆ ಅಡಗಿವೆ, ರೆಕ್ಕೆ ಎಂದೂ ಬರುವುದಿಲ್ಲ, ಹೊಟ್ಟೆಯಲ್ಲಿ ಆರೇ ಖಂಡಗಳು. ಜಗತ್ತಿನಲ್ಲಿ ಈವರೆಗೆ 9,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಬಹುಪಾಲು 1ರಿಂದ 2 ಮಿ.ಮೀ. ಉದ್ದದವು.

ಹೊಟ್ಟೆಯ ಕೆಳಗೆ, ಹಿಂಭಾಗದಲ್ಲಿ ಕವಲೊಡೆದ ಒಂದು ಅಂಗವಿದೆ. ಸುಮ್ಮನಿರುವಾಗ ಅದು ಮುಂದಕ್ಕೆ ಮಡಚಿಕೊಂಡು ಒಂದು ಸಣ್ಣ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಅಪಾಯ ಕಂಡಾಗ ಕೊಂಡಿ ಬಿಡುತ್ತದೆ, ಕವಲು ನೆಲಕ್ಕೆ ಬಡಿಯುತ್ತದೆ, ಪ್ರಾಣಿ ಗಾಳಿಗೆ ಹಾರುತ್ತದೆ. ಅಮೆರಿಕದ ಏಡ್ರಿಯನ್ ಸ್ಮಿತ್ ಒಂದು ದುಂಡು ಜಾತಿಯ ಜಿಗಿತವನ್ನು ಸೆಕೆಂಡಿಗೆ 40,000 ಫ್ರೇಮಿನ ವೇಗದಲ್ಲಿ ಚಿತ್ರೀಕರಿಸಿ 2024ರಲ್ಲಿ ವಿವರ ಪ್ರಕಟಿಸಿದರು. ಅದು 6 ಸೆಂ.ಮೀ. ಎತ್ತರಕ್ಕೆ ಏರಿ, ಸೆಕೆಂಡಿಗೆ 368 ಸುತ್ತಿನವರೆಗಿನ ವೇಗದಲ್ಲಿ ಹಿಮ್ಮುಖ ಲಾಗ ಹಾಕುತ್ತಿತ್ತು. ಸಾಮಾನ್ಯ ಕ್ಯಾಮೆರಾದಲ್ಲಿ ಜಿಗಿತದ ಚಿತ್ರಕ್ಕೆ ಆಸೆಪಡುವುದು ವ್ಯರ್ಥ. ಅದು ಜಿಗಿಯದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಇವುಗಳ ವಂಶ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ, ಸುಮಾರು 40 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ಸಿಕ್ಕ ಸ್ಪ್ರಿಂಗ್‌ಟೇಲ್‌ ಪಳೆಯುಳಿಕೆಗೆ 1926ರಲ್ಲಿ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ಭಾರತೀಯ ಕೀಟಶಾಸ್ತ್ರಜ್ಞ ಸಮರೇಂದ್ರ ಮೌಲಿಕ್. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ. ವೀರೇಶ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಿಂದಲೇ ಮಣ್ಣಿನ ಜೀವಿಗಳ ಅಧ್ಯಯನಕ್ಕೆ ನೆಲೆ ಕಟ್ಟಿದರು.

ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೂ ಇವುಗಳಿಗೂ ನಂಟಿದೆ. ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ತಯಾರಿಸುವುದರಲ್ಲಿ ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾಗಳು ಮುಖ್ಯ. 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಆ ವಾಸನೆ ಸ್ಪ್ರಿಂಗ್‌ಟೇಲ್‌ಗಳನ್ನು ಕರೆಯುತ್ತದೆ. ಅವು ಬಂದು ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಮೈಗೆ ಅಂಟಿದ ಬೀಜಕಣಗಳನ್ನು ಬೇರೆಡೆಗೆ ಒಯ್ಯುತ್ತವೆ. ಫೋಟೋ ತೆಗೆಯುವವರಿಗೆ ಇದೊಂದು ನೇರ ಸೂಚನೆ: ಹಸಿ ಮಣ್ಣಿನ ಘಮ ಬರುವ ಜಾಗದಲ್ಲಿ ಕುಳಿತು ಹುಡುಕಿ.

ಎಲ್ಲಿ, ಯಾವಾಗ ಹುಡುಕಬೇಕು?

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆ ಮಳೆಗೆ ಹೆಸರಾದದ್ದಲ್ಲ. ವರ್ಷದ ಸರಾಸರಿ ಮಳೆ 600 ಮಿ.ಮೀ. ದಾಟುವುದಿಲ್ಲ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನ ಉತ್ತರಿ, ಹಸ್ತಾ ಮಳೆಗಳದ್ದು. ಮಲೆನಾಡಿನಲ್ಲಿ ಯಾವ ಕಟ್ಟಿಗೆ ತಿರುವಿದರೂ ಸಿಗುವ ಪ್ರಾಣಿ ಇಲ್ಲಿ ಹಾಗೆ ಸಿಗುವುದಿಲ್ಲ. ಸ್ಪ್ರಿಂಗ್‌ಟೇಲ್‌ಗಳಲ್ಲಿ ಹೆಚ್ಚಿನವು ಚರ್ಮದ ಮೂಲಕವೇ ಉಸಿರಾಡುತ್ತವೆ, ಆದ್ದರಿಂದ ಒಣ ಗಾಳಿಯಲ್ಲಿ ಬೇಗ ಸಾಯುತ್ತವೆ. ಆದರೆ ಘಟಪ್ರಭೆಯ ಕಾಲುವೆ ನೀರು, ಬೋರ್‌ವೆಲ್ ಮತ್ತು ಡ್ರಿಪ್ ಸೇರಿ ಇಲ್ಲಿನ ಕಬ್ಬಿನ ನೆಲವನ್ನು ಬೇಸಿಗೆಯಲ್ಲೂ ಹಸಿಯಾಗಿ ಇಟ್ಟಿವೆ. ಅದರ ಮೇಲೆ ರವದಿ ಹಾಸಿದರೆ ಬಿಸಿಲು ಒಳಗಿಳಿಯುವುದಿಲ್ಲ.

ಒಂದು ಎಕರೆ ಕಬ್ಬಿನಿಂದ ಸುಮಾರು 3–4 ಟನ್ ಒಣ ರವದಿ ಬರುತ್ತದೆ. ಅದಕ್ಕೆ ಬೆಂಕಿ ಇಡುವವರಿದ್ದಾರೆ, ಸಾಲು ಬಿಟ್ಟು ಸಾಲಿಗೆ ಹಾಸಿ ಕೊಳೆಯಲು ಬಿಡುವವರೂ ಇದ್ದಾರೆ. ಎರಡನೆಯವರ ಹೊಲ ಹುಡುಕಿ. ರವದಿ ಹಾಸಿ ಎರಡು–ಮೂರು ತಿಂಗಳಾಗಿ, ಕೆಳ ಪದರದಲ್ಲಿ ಬಿಳಿ ಬೂಷ್ಟಿನ ಎಳೆಗಳು ಕಾಣುತ್ತಿದ್ದರೆ ಜಾಗ ಸರಿಯಿದೆ. ಬೂಷ್ಟು, ಪಾಚಿ, ಕೊಳೆತ ಎಲೆಯೇ ಹೆಚ್ಚಿನ ಸ್ಪ್ರಿಂಗ್‌ಟೇಲ್‌ಗಳ ಊಟ. ನೀರು ಬಿಟ್ಟ ದಿನವೇ ಹೋಗಬೇಡಿ, ಎರಿ ಮಣ್ಣು ಮೊಣಕಾಲಿನವರೆಗೆ ಹತ್ತುತ್ತದೆ. ಎರಡು–ಮೂರು ದಿನ ಬಿಟ್ಟು ಹೋಗಿ.

ಹೊಲವೇ ಆಗಬೇಕೆಂದೇನೂ ಇಲ್ಲ:

- ತಿಪ್ಪೆ ಮತ್ತು ಎರೆಗೊಬ್ಬರದ ತೊಟ್ಟಿ. ಕಾವು ಇಳಿದ ಅಂಚಿನಲ್ಲಿ ನೋಡಿ, ಬಿಸಿ ಇರುವ ನಡುಭಾಗದಲ್ಲಿ ಇರುವುದಿಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ತಂದು ಒಟ್ಟಿದವರ ಮನೆಯಲ್ಲಿ ಹಳೆಯ ಗುಡ್ಡೆಯ ಬುಡ ನೋಡಿ.
- ಹೂಕುಂಡದ ತಳ. ಕುಂಡ ಎತ್ತಿದಾಗ ಕಾಣುವ ಬಿಳಿ ಚುಕ್ಕೆಗಳು ಬಹುತೇಕ ಇವೇ. ಕುಂಡಕ್ಕೆ ನಿಧಾನವಾಗಿ ನೀರು ತುಂಬಿದರೆ ಮಣ್ಣಿನಲ್ಲಿದ್ದವು ತೇಲಿ ಮೇಲೆ ಬರುತ್ತವೆ.
- ನಿಂತ ನೀರಿನ ಮೇಲ್ಮೈ. ಇವುಗಳ ಮೈ ನೀರನ್ನು ಅಂಟಿಸಿಕೊಳ್ಳುವುದಿಲ್ಲ. ಕಾಲುವೆ ಸೋರಿಕೆಯ ಹೊಂಡ, ತೊಟ್ಟಿಯ ಮೂಲೆಯಲ್ಲಿ ಬೂದುಬಣ್ಣದ ಪುಡಿ ಚೆಲ್ಲಿದಂತೆ ಗುಂಪಾಗಿ ಸಿಗುತ್ತವೆ.
- ಹಳೆಯ ಬಾವಿಯ ಕಲ್ಲಿನ ಪಾಚಿ, ಹುಣಸೆ ಮತ್ತು ಬೇವಿನ ತೊಗಟೆಯ ಸಂದು. ಇದು ಉತ್ತರಿ ಮಳೆಯಿಂದ ಡಿಸೆಂಬರ್ ತನಕದ ಜಾಗ.

ದಿನದಲ್ಲಿ ಬೆಳಗಿನ ಆರರಿಂದ ಒಂಬತ್ತು ಒಳ್ಳೆಯ ಹೊತ್ತು. ಇಬ್ಬನಿ ಇರುವ ನವೆಂಬರ್–ಜನವರಿಯಲ್ಲಿ ರವದಿಯ ಮೇಲಿನ ಪದರಕ್ಕೇ ಹತ್ತಿ ಬಂದಿರುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಹುಡುಕಾಟಕ್ಕೆ ಅರ್ಥವಿಲ್ಲ, ಮಣ್ಣಿನ ಬಿರುಕಿಗೆ ಇಳಿದುಬಿಡುತ್ತವೆ.

ಹೊಲಕ್ಕೆ ಇಳಿಯುವ ಮುನ್ನ

ಹೊಲದವರನ್ನು ಕೇಳದೆ ಕಾಲಿಡಬೇಡಿ. "ಕಾಕಾ, ರವದಿ ಬುಡಕಿನ ಸಣ್ಣ ಹುಳದ ಫೋಟೋ ತಗೀಬೇಕಂತ ಬಂದೇನ್ರಿ" ಎಂದರೆ ಮರುಪ್ರಶ್ನೆ ಖಂಡಿತ: "ಗೊಣ್ಣಿ ಹುಳ ಬಿದ್ದಾವೇನೋ ತಮ್ಮಾ?" ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿನಿಂದ ನೊಂದವರಿಗೆ ಹುಳ ಎಂದರೆ ಅದೇ ಚಿಂತೆ. "ಅವಲ್ರಿ ಕಾಕಾ, ಇವು ಕೊಳೆತದ್ದನ್ನ ತಿನ್ನೂವು, ಕಬ್ಬಿಗೇನೂ ಮಾಡೂದಿಲ್ರಿ" ಎಂದು ಕ್ಯಾಮೆರಾದ ಪರದೆಯಲ್ಲಿ ಒಂದು ಚಿತ್ರ ತೋರಿಸಿ. ಆಮೇಲೆ ಅವರೇ ಇನ್ನೊಂದು ಕಡೆ ರವದಿ ಎತ್ತಿ ತೋರಿಸುತ್ತಾರೆ.

ಅವರಿಂದ ಇನ್ನೆರಡು ವಿಷಯ ತಿಳಿದುಕೊಳ್ಳಿ: ಔಷಧಿ ಹೊಡೆದದ್ದು ಯಾವಾಗ, ಪಂಪಿನ ವೈರ್ ಎಲ್ಲಿ ಹಾದುಹೋಗಿದೆ. ಔಷಧಿ ಹೊಡೆದು ಹೆಚ್ಚು ದಿನ ಆಗಿರದಿದ್ದರೆ ಆ ಹೊಲ ಬಿಡಿ. ಅದು ನಿಮ್ಮ ಆರೋಗ್ಯದ ಮಾತೂ ಹೌದು. ಕೀಟನಾಶಕಕ್ಕೆ ಸ್ಪ್ರಿಂಗ್‌ಟೇಲ್‌ಗಳು ಎಷ್ಟು ಸೂಕ್ಷ್ಮವೆಂದರೆ ಫೋಲ್ಸೋಮಿಯಾ ಕ್ಯಾಂಡಿಡಾ ಎಂಬ ಜಾತಿಯನ್ನು ಮಣ್ಣಿನ ವಿಷ ಪರೀಕ್ಷೆಗೆ ಜಗತ್ತಿನಾದ್ಯಂತ ಬಳಸುತ್ತಾರೆ.

ರವದಿಯನ್ನು ಬರಿಗೈಯಲ್ಲಿ ಕೆದಕಬೇಡಿ. ಇಲಿ ಇದ್ದಲ್ಲಿ ಕೊಳಕುಮಂಡಲ ಇರುತ್ತದೆ, ಚೇಳು ಇರುತ್ತದೆ. ಉದ್ದ ಕೋಲಿನಿಂದ ಎತ್ತಿ, ನೋಡಿ, ಆಮೇಲೆ ಕುಳಿತುಕೊಳ್ಳಿ. ಪಾದ ಮುಚ್ಚುವ ಬೂಟು, ತುಂಬುತೋಳಿನ ಅಂಗಿ ಇರಲಿ, ಕಬ್ಬಿನ ಎಲೆಯ ಅಂಚು ಕೈ ಕೊಯ್ಯುತ್ತದೆ. ಮೊಣಕಾಲಿಗೆ ಗೋಣಿಚೀಲದ ತುಂಡು ಸಾಕು.

ಎಷ್ಟು ದೊಡ್ಡದಾಗಿ ಕಾಣಬೇಕು?

ಮಾಮೂಲಿ ಮ್ಯಾಕ್ರೋ ಲೆನ್ಸ್ 1:1 ಪ್ರಮಾಣ ಕೊಡುತ್ತದೆ, ಅಂದರೆ 1 ಮಿ.ಮೀ. ಪ್ರಾಣಿ ಸೆನ್ಸರಿನ ಮೇಲೂ 1 ಮಿ.ಮೀ. ಜಾಗವನ್ನೇ ಹಿಡಿಯುತ್ತದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್‌-ಸಿ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, ಅದರಲ್ಲಿ 6,000 ಪಿಕ್ಸೆಲ್. ಲೆಕ್ಕ ಹಾಕಿದರೆ ನಿಮ್ಮ ಸ್ಪ್ರಿಂಗ್‌ಟೇಲ್‌ಗೆ ಸಿಗುವುದು ಸುಮಾರು 255 ಪಿಕ್ಸೆಲ್ ಮಾತ್ರ. 3:1ಕ್ಕೆ ಹೋದರೆ ಅದು ಸುಮಾರು 765 ಆಗುತ್ತದೆ, ಇಡೀ ಚೌಕಟ್ಟಿನಲ್ಲಿ ಹಿಡಿಸುವುದು 8 ಮಿ.ಮೀ.ಗಿಂತ ಕಡಿಮೆ ಅಗಲದ ನೆಲ. 2:1ರಿಂದ 4:1ರ ನಡುವೆ ಕೆಲಸ ಮಾಡುವುದು ಹೊಲದಲ್ಲಿ ಸಾಧ್ಯ. 5:1ರಲ್ಲಿ ಕೈ ನಡುಕವೇ ಭೂಕಂಪ.

ಅಲ್ಲಿಗೆ ತಲುಪುವ ದಾರಿಗಳನ್ನು ಖರ್ಚಿನ ಏರಿಕೆಯಲ್ಲಿ ಹೇಳುವುದಾದರೆ:

ಮೊಬೈಲ್‌ಗೆ ಕ್ಲಿಪ್ ಲೆನ್ಸ್: 2 ಮಿ.ಮೀ. ಮೀರಿದ ಜಾತಿಗಳಿಗೆ, ನೀರಿನ ಮೇಲೆ ಗುಂಪಾದವಕ್ಕೆ ಸಾಕು. ಲೆನ್ಸ್ ಬಹಳ ಹತ್ತಿರ ಹೋಗಬೇಕಾದ್ದರಿಂದ ನೆರಳು ಬೀಳುತ್ತದೆ. ಬದಿಯಿಂದ ಟಾರ್ಚ್ ಹಿಡಿದು ವಿಡಿಯೋ ತೆಗೆದು, ಅದರಿಂದ ಒಳ್ಳೆಯ ಫ್ರೇಮ್ ಆರಿಸಿಕೊಳ್ಳಿ.

ತಿರುಗಿಸಿ ಹಾಕಿದ ಕಿಟ್ ಲೆನ್ಸ್: 18–55 ಲೆನ್ಸನ್ನು ರಿವರ್ಸ್ ರಿಂಗ್ ಮೂಲಕ ಉಲ್ಟಾ ಜೋಡಿಸಿ 18ರ ಕಡೆಗೆ ತಿರುಗಿಸಿದರೆ ಪ್ರಮಾಣ 3:1ರ ಆಸುಪಾಸಿಗೆ ಹೋಗುತ್ತದೆ. ತೊಂದರೆ ಒಂದೇ, ಅಪರ್ಚರ್ ಕ್ಯಾಮೆರಾದ ಹಿಡಿತಕ್ಕೆ ಸಿಗುವುದಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಬೇಕಾದ ಅಪರ್ಚರ್ ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದು ಲೆನ್ಸ್ ಕಳಚಿದರೆ ಬ್ಲೇಡ್‌ಗಳು ಹಾಗೆಯೇ ನಿಲ್ಲುತ್ತವೆ. ನಿಕಾನ್‌ನ ಹೊಸ ಲೆನ್ಸ್‌ಗಳಿಗಿಂತ ಅಪರ್ಚರ್ ರಿಂಗ್ ಇರುವ ಹಳೆಯ 28 ಅಥವಾ 50 ಮಿ.ಮೀ. ಲೆನ್ಸ್ ಈ ಕೆಲಸಕ್ಕೆ ವಾಸಿ.

ರೇನಾಕ್ಸ್ ಡಿಸಿಆರ್‌-250: ಲೆನ್ಸಿನ ಮುಂದೆ ಕಚ್ಚಿಸುವ 8 ಡಯಾಪ್ಟರ್‌ನ ಈ ಗಾಜನ್ನು 55–250 ಝೂಮ್‌ನ 250ರ ತುದಿಯಲ್ಲಿ ಹಾಕಿದರೆ 2:1 ಸಿಗುತ್ತದೆ. ಅಪರ್ಚರ್ ಎಂದಿನಂತೆ ಕ್ಯಾಮೆರಾದಿಂದಲೇ ಬದಲಾಗುತ್ತದೆ. ಹೊಸಬರಿಗೆ ಇದು ನಮ್ಮ ಮೊದಲ ಶಿಫಾರಸು.

ಜೋಡಿ ಲೆನ್ಸ್: 200 ಮಿ.ಮೀ. ಲೆನ್ಸಿನ ಮೂತಿಗೆ 50 ಮಿ.ಮೀ. ಲೆನ್ಸನ್ನು ಉಲ್ಟಾ ಜೋಡಿಸಿದರೆ 200 ಭಾಗಿಸು 50, ಅಂದರೆ 4:1.

ಇದಕ್ಕೆಂದೇ ತಯಾರಾದ ಲೆನ್ಸ್‌ಗಳು: ಲಾವಾ 25 ಮಿ.ಮೀ. ಲೆನ್ಸ್ 2.5ರಿಂದ 5 ಪಟ್ಟು ಕೊಡುತ್ತದೆ. ಕ್ಯಾನನ್ ಎಂಪಿ-ಇ 65 ಲೆನ್ಸ್ 1ರಿಂದ 5 ಪಟ್ಟು ಕೊಡುತ್ತದೆ, ಅದರ ತಯಾರಿಕೆ ನಿಂತಿದೆ, ಹಳೆಯದು ಸಿಕ್ಕರೆ ಪುಣ್ಯ.

ಅಪರ್ಚರ್ ಲೆಕ್ಕದಲ್ಲಿ ಮೋಸ ಹೋಗಬೇಡಿ

ಆಳ ಹೆಚ್ಚು ಸಿಗಲೆಂದು ಎಫ್ 16ಕ್ಕೆ ಒಯ್ಯುವುದು ಹೊಸಬರ ಸಹಜ ತಪ್ಪು. ಹೆಚ್ಚು ಪಟ್ಟಿನಲ್ಲಿ ನಿಜವಾಗಿ ಕೆಲಸ ಮಾಡುವ ಅಪರ್ಚರ್ ಎಂದರೆ ಲೆನ್ಸಿನ ಮೇಲಿನ ಸಂಖ್ಯೆಯನ್ನು ಪಟ್ಟಿಗೆ ಒಂದು ಕೂಡಿಸಿ ಗುಣಿಸಿದಷ್ಟು. 3:1ರಲ್ಲಿ ಎಫ್ 5.6 ಇಟ್ಟರೆ ಅದು ಎಫ್ 22ರಂತೆ ವರ್ತಿಸುತ್ತದೆ. ಎಫ್ 16 ಇಟ್ಟರೆ ಎಫ್ 64 ಆಗಿ, ಬೆಳಕು ಬಾಗಿ ಹರಡುವುದರಿಂದ ಚಿತ್ರವೆಲ್ಲ ಮಂಜಾಗುತ್ತದೆ. ತಿರುಗಿಸಿದ ಲೆನ್ಸಿನಲ್ಲಿ ಈ ಲೆಕ್ಕ ಕೊಂಚ ಹೆಚ್ಚುಕಡಿಮೆಯಾದರೂ ಪಾಠ ಅದೇ. 3:1ರಲ್ಲಿ ಎಫ್ 4ರಿಂದ 5.6, 5:1ರಲ್ಲಿ ಎಫ್ 2.8ರಿಂದ 4 ದಾಟಬೇಡಿ.

ಆಗ ಸ್ಪಷ್ಟವಾಗಿ ಕಾಣುವ ಆಳ ಎಷ್ಟು? ಎಪಿಎಸ್‌-ಸಿ ಸೆನ್ಸರಿನಲ್ಲಿ 3:1, ಎಫ್ 5.6ಕ್ಕೆ ಹತ್ತಿರ ಹತ್ತಿರ 0.1 ಮಿ.ಮೀ. ಕಣ್ಣು ಸ್ಪಷ್ಟವಿದ್ದರೆ ಬಾಲ ಮಸುಕು. ಆದ್ದರಿಂದ ಪ್ರಾಣಿಯ ಮೈಗೆ ಸೆನ್ಸರ್ ಸಮಾನಾಂತರವಾಗಿ ಇರುವಂತೆ ಪಕ್ಕದಿಂದ ತೆಗೆಯಿರಿ. ಹೀಗೆ ತೆಗೆದ ಒಂದೇ ಚಿತ್ರದಲ್ಲಿ ಕೊಂಬು, ಕಣ್ಣು, ಕಾಲು, ಮಡಚಿದ ಕವಲು ಇವೆಲ್ಲ ಸಿಗುವ ಸಾಧ್ಯತೆ ಹೆಚ್ಚು.

ಬೆಳಕು: ಫ್ಲ್ಯಾಶ್ ಇಲ್ಲದೆ ಆಗದು

ಎಫ್ 22ಕ್ಕೆ ಸಮನಾದ ಅಪರ್ಚರ್, ಓಡುವ ಪ್ರಾಣಿ, ರವದಿಯ ಕೆಳಗಿನ ಕತ್ತಲು ಇವು ಮೂರೂ ಕೂಡಿದಲ್ಲಿ ಬಿಸಿಲು ಸಾಲದು. ಕ್ಯಾಮೆರಾದ ಮೇಲೆ ಕೂರುವ ಸಾಮಾನ್ಯ ಫ್ಲ್ಯಾಶನ್ನು ಮ್ಯಾನುವಲ್‌ನಲ್ಲಿ 1/16 ಅಥವಾ 1/32 ಶಕ್ತಿಗೆ ಇಡಿ. ಅಷ್ಟು ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಮಿಂಚುವ ಅವಧಿಯೂ ಬಹಳ ಚಿಕ್ಕದು, 1/32ರಲ್ಲಿ ಅನೇಕ ಫ್ಲ್ಯಾಶ್‌ಗಳದ್ದು ಸುಮಾರು 1/10,000 ಸೆಕೆಂಡ್ ಅಥವಾ ಇನ್ನೂ ಕಡಿಮೆ. ಕೈ ನಡುಕ, ಪ್ರಾಣಿಯ ಓಟ ಎರಡನ್ನೂ ಅದೇ ತಡೆಯುತ್ತದೆ. ಶಟರ್ 1/200, ಐಎಸ್‌ಒ 200ರಿಂದ ಶುರುಮಾಡಿ, ಫ್ಲ್ಯಾಶಿನ ಶಕ್ತಿಯನ್ನಷ್ಟೇ ಹೆಚ್ಚುಕಡಿಮೆ ಮಾಡಿ.

ಬರೀ ಫ್ಲ್ಯಾಶ್ ಹೊಡೆದರೆ ಹೊಳೆಯುವ ಮೈಮೇಲೆ ಬಿಳಿ ಚುಕ್ಕೆಗಳು ಸುಟ್ಟಂತೆ ಬೀಳುತ್ತವೆ. ಲೆಪಿಡೋಸಿರ್ಟಸ್ ಕುಲದವುಗಳ ಮೈತುಂಬ ಲೋಹದಂತೆ ಮಿನುಗುವ ಹುರುಪೆಗಳಿವೆ, ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಬೆಳಕನ್ನು ಹರಡಲು ಡಿಫ್ಯೂಸರ್ ಬೇಕೇ ಬೇಕು, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪ್ಯಾಕಿಂಗ್‌ಗೆ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಲೆನ್ಸಿನ ಮೂತಿಯ ಮೇಲಿನಿಂದ ಕಮಾನಿನಂತೆ ಬಗ್ಗಿಸಿ, ಫ್ಲ್ಯಾಶ್ ಮತ್ತು ಪ್ರಾಣಿಯ ನಡುವೆ ನಿಲ್ಲುವಂತೆ ಕಟ್ಟಿ. ಒಳಗೆ ಇನ್ನೊಂದು ಪದರವಾಗಿ ಬಟರ್ ಪೇಪರ್ ಹಾಕಿ. ಡಿಫ್ಯೂಸರ್ ಪ್ರಾಣಿಗೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೃದು.

ಬಿಳಿ ಜಾತಿಗಳಿಗೆ ಕಪ್ಪು ಕೊಳೆತ ಎಲೆಯೇ ಒಳ್ಳೆಯ ಹಿನ್ನೆಲೆ, ಆದರೆ ಕಪ್ಪಿಗೆ ಹೊಂದಿಸಿದ ಫ್ಲ್ಯಾಶ್ ಪ್ರಾಣಿಯನ್ನು ಬೆಳ್ಳಗೆ ತೊಳೆದುಬಿಡುತ್ತದೆ. ಹಿಸ್ಟೋಗ್ರಾಮ್ ನೋಡಿ ಒಂದು ಸ್ಟಾಪ್ ಕಡಿಮೆ ಮಾಡಿ.

ಫೋಕಸ್ ಮಾಡುವುದು ಲೆನ್ಸಿನಿಂದಲ್ಲ, ಮೈಯಿಂದ

ಆಟೋ ಫೋಕಸ್ ಆಫ್ ಮಾಡಿ. ಬೇಕಾದ ಪಟ್ಟಿಗೆ ಲೆನ್ಸ್ ಹೊಂದಿಸಿ, ಫೋಕಸ್ ರಿಂಗನ್ನು ಮರೆತುಬಿಡಿ. ಪ್ರಾಣಿ ಇರುವ ಎಲೆಯ ತುಂಡನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ಲೆನ್ಸಿನ ಮೂತಿಯನ್ನು ಅದೇ ಎಡಗೈಯ ಮೇಲೆ ಆನಿಸಿ. ಈಗ ಎಲೆ, ಲೆನ್ಸ್ ಎರಡೂ ಒಟ್ಟಿಗೇ ಅಲುಗುವುದರಿಂದ ನಡುಕ ಗೊತ್ತಾಗುವುದಿಲ್ಲ. ಬೆರಳನ್ನು ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸುತ್ತ ಕಣ್ಣಿನ ಕಪ್ಪು ಚುಕ್ಕೆ ಸ್ಪಷ್ಟವಾದ ಕ್ಷಣ ಒತ್ತಿ. ಉಸಿರನ್ನು ಎಲೆಯ ಮೇಲೆ ಬಿಡಬೇಡಿ, ಅಷ್ಟು ಗಾಳಿ ಬಡಿದರೂ ಜಿಗಿದುಬಿಡುತ್ತವೆ.

ಓಡುವ ಪ್ರಾಣಿಯ ಹಿಂದೆ ಬೀಳುವುದಕ್ಕಿಂತ ಅದು ನಿಲ್ಲುವ ಹೊತ್ತು ಗುರುತಿಸುವುದು ಲಾಭ. ಬೂಷ್ಟು ತಿನ್ನುವಾಗ ನಿಲ್ಲುತ್ತದೆ, ಪೊರೆ ಬಿಟ್ಟ ಮೇಲೆ ನಿಲ್ಲುತ್ತದೆ (ಇವು ದೊಡ್ಡವಾದ ಮೇಲೂ ಆಯುಷ್ಯವಿಡೀ ಪೊರೆ ಬಿಡುತ್ತಲೇ ಇರುತ್ತವೆ), ಮೈ ಒರೆಸಿಕೊಳ್ಳುವಾಗ ನಿಲ್ಲುತ್ತದೆ.

ಈ ಮೈ ಒರೆಸುವುದನ್ನು ಒಮ್ಮೆಯಾದರೂ ನೋಡಬೇಕು. ದುಂಡು ಜಾತಿಯ ಸ್ಪ್ರಿಂಗ್‌ಟೇಲ್‌ಗೆ ತಲೆ ದೊಡ್ಡದು, ಹೊಟ್ಟೆ ಗುಂಡಗೆ, ಕೊಂಬುಗಳು ಮೊಣಕೈಯಂತೆ ಮಡಚಿರುತ್ತವೆ. ಹೊಟ್ಟೆಯಡಿ ಒಂದು ಕೊಳವೆಯಿದೆ, ನೀರು ಹೀರುವುದು, ನೆಲಕ್ಕೆ ಅಂಟುವುದು ಅದರ ಕೆಲಸ. ದುಂಡು ಜಾತಿಗಳಲ್ಲಿ ಆ ಕೊಳವೆಯ ತುದಿಯಿಂದ ಪಾರದರ್ಶಕವಾದ ಎರಡು ಉದ್ದ ನಾಳಗಳು ಹೊರಬರುತ್ತವೆ. ಪ್ರಾಣಿ ಕಾಲುಗಳನ್ನು ಅಗಲಿಸಿ ನಿಂತು, ಆ ಒದ್ದೆ ನಾಳಗಳನ್ನು ಬೆನ್ನಿನ ಮೇಲಕ್ಕೂ ಚಾಚಿ ಮೈಯನ್ನೆಲ್ಲ ಸವರಿಕೊಳ್ಳುತ್ತದೆ, ಮರುಕ್ಷಣ ಒಳಗೆಳೆದುಕೊಳ್ಳುತ್ತದೆ. ಫ್ಲ್ಯಾಶ್ ಬದಿಯಿಂದ ಬಿದ್ದರೆ ಮಾತ್ರ ನಾಳಗಳು ಗಾಜಿನ ಎಳೆಯಾಗಿ ಕಾಣುತ್ತವೆ, ನೇರ ಬೆಳಕಿನಲ್ಲಿ ಮಾಯ.

ಹೀಗೆ ನಿಂತಾಗ ಹಲವು ಚಿತ್ರ ತೆಗೆದು ಜೋಡಿಸಲೂ ಬರುತ್ತದೆ. ಕೈಯನ್ನು ನಿಧಾನ ಮುಂದೊತ್ತುತ್ತ, ಸತತವಾಗಿ ಹತ್ತಾರು ಚಿತ್ರ ತೆಗೆಯಿರಿ. ಕಾಲುಭಾಗ ಉಪಯೋಗಕ್ಕೆ ಬಂದರೂ ಸಾಕು, ಅರ್ಧ ಮಿ.ಮೀ. ಅಗಲದ ಮೈಗೆ 0.1 ಮಿ.ಮೀ. ಆಳದ ಎಂಟು–ಹತ್ತು ಚಿತ್ರ ಬೇಕಾಗುತ್ತವೆ. ಜೋಡಿಸಲು ಝೆರೀನ್ ಸ್ಟ್ಯಾಕರ್, ಹೆಲಿಕಾನ್ ಫೋಕಸ್ ಇವೆ, ಉಚಿತವಾಗಿ ಬೇಕಾದವರಿಗೆ ಪಿಕೋಲೇ ಇದೆ. ಕೊಂಬು ಅಲುಗಾಡಿದ್ದರೆ ಎರಡೆರಡಾಗಿ ಕಾಣುತ್ತದೆ, ಅಂಥ ಫ್ರೇಮನ್ನು ಜೋಡಿಸುವ ಮೊದಲೇ ತೆಗೆದುಹಾಕಿ.

ಮನೆಯಲ್ಲಿ ಒಂದು ಪುಟ್ಟ ಸ್ಟುಡಿಯೋ

ಹೊಲದಲ್ಲಿ ಬಿಸಿಲೇರಿದ ಮೇಲೂ ಕೆಲಸ ಮುಂದುವರಿಸಲು ಒಂದು ಹಿಡಿ ರವದಿಯನ್ನು ಮುಚ್ಚಳದ ಡಬ್ಬಿಯಲ್ಲಿ ತನ್ನಿ. ಬೈಕಿನ ಸೈಡ್ ಬಾಕ್ಸಿನಲ್ಲಿ ಬಿಸಿಲಿಗೆ ಇಟ್ಟರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಸತ್ತಿರುತ್ತವೆ. ಒದ್ದೆ ಬಟ್ಟೆ ಸುತ್ತಿ ಚೀಲದಲ್ಲಿ ತನ್ನಿ.

ರವದಿಯಿಂದ ಪ್ರಾಣಿಗಳನ್ನು ಬಿಡಿಸಲು ಇಟಲಿಯ ಅಂಟೋನಿಯೋ ಬರ್ಲೀಸ್ 1905ರಲ್ಲಿ ಪ್ರಚಾರಕ್ಕೆ ತಂದ ಆಲಿಕೆ ವಿಧಾನ ಇಂದಿಗೂ ಸರಿಸಾಟಿಯಿಲ್ಲದ್ದು. ಎರಡು ಲೀಟರ್ ನೀರಿನ ಬಾಟಲಿಯನ್ನು ನಡುವೆ ಕತ್ತರಿಸಿ, ಮೇಲಿನ ಭಾಗವನ್ನು ತಲೆಕೆಳಗಾಗಿ ಕೆಳಗಿನ ಭಾಗದಲ್ಲಿ ಕೂರಿಸಿ. ತಳದಲ್ಲಿ ಒದ್ದೆ ಟಿಶ್ಯೂ ಹಾಸಿ, ಕುತ್ತಿಗೆಯೊಳಗೆ ಸೊಳ್ಳೆಜಾಲರಿಗಿಂತ ಕೊಂಚ ದೊಡ್ಡ ಕಣ್ಣಿನ ಜಾಲರಿ ಇಟ್ಟು ರವದಿ ತುಂಬಿ. ಮೇಲಿನಿಂದ ಒಣಗುತ್ತ ಬಂದಂತೆ ಪ್ರಾಣಿಗಳು ತೇವ ಹುಡುಕಿ ಕೆಳಗಿಳಿದು ಆ ಟಿಶ್ಯೂ ಮೇಲೆ ಬೀಳುತ್ತವೆ. ಪ್ರಯೋಗಾಲಯದಲ್ಲಿ ಬಲ್ಬ್ ಬಳಸುತ್ತಾರೆ. ಒಣ ರವದಿಯ ಹತ್ತಿರ ಬಿಸಿ ಬಲ್ಬ್ ಬೆಂಕಿಗೆ ದಾರಿ, ನಮ್ಮ ಸೀಮೆಯ ಬಿಸಿಲು ಬರುವ ಕಿಟಕಿಕಟ್ಟೆಯೇ ಸಾಕು, ಒಂದೆರಡು ದಿನ ಹಿಡಿಯುತ್ತದೆ.

ಇವನ್ನು ಸಾಕಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂಬತ್ತು ಪಾಲು, ಇದ್ದಿಲ ಪುಡಿ ಒಂದು ಪಾಲು ನೀರಲ್ಲಿ ಕಲಸಿ ಡಬ್ಬಿಯ ತಳಕ್ಕೆ ಒಂದು ಸೆಂ.ಮೀ. ದಪ್ಪ ಹೊಯ್ಯಿರಿ. ಗಟ್ಟಿಯಾದ ಮೇಲೆ ನೀರು ಹನಿಸಿದರೆ ಅದು ಹೀರಿಕೊಂಡು ದಿನಗಟ್ಟಲೆ ತೇವ ಹಿಡಿದಿಡುತ್ತದೆ, ಬೂದುಗಪ್ಪು ಬಣ್ಣ ಫೋಟೋಗೆ ಹಿನ್ನೆಲೆಯೂ ಆಗುತ್ತದೆ. ಬೇಕರಿಯಲ್ಲಿ ಸಿಗುವ ಒಣ ಯೀಸ್ಟಿನ ಎರಡು ಕಾಳು ಹಾಕಿ. ಅದರ ಸುತ್ತ ಗುಂಪುಗೂಡಿ ತಿನ್ನುವಾಗ ಅಲುಗಾಡದ ಚಿತ್ರ ಸಿಗುತ್ತದೆ. ಸ್ಥಳ ಬದಲಿಸಲು ಸಣ್ಣ ಬಣ್ಣದ ಕುಂಚದ ಒದ್ದೆ ತುದಿ ಬಳಸಿ. ಹುರುಪೆ ಇರುವ ಜಾತಿಗಳನ್ನು ಕುಂಚದಿಂದಲೂ ಮುಟ್ಟಬೇಡಿ, ಬಣ್ಣವೆಲ್ಲ ಉದುರುತ್ತದೆ. ಅವು ಇರುವ ಎಲೆಯನ್ನೇ ಸರಿಸಿ.

ಫ್ರಿಜ್‌ನಲ್ಲಿ ಇಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರಿದ್ದಾರೆ. ಕಾಲು ಮುದುಡಿ, ಕೊಂಬು ಜೋತುಬಿದ್ದ ಆ ಚಿತ್ರ ನೋಡಿದರೇ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ತಂದ ಹೊಲದಲ್ಲೇ ಬಿಡಿ, ಎತ್ತಿದ ರವದಿಯನ್ನು ಇದ್ದಂತೆಯೇ ಮುಚ್ಚಿ.

ಯಾವುದೆಂದು ಹೇಳುವುದು ಹೇಗೆ?

ಚಿತ್ರ ನೋಡಿ ಪ್ರಭೇದದ ಹೆಸರು ಹೇಳುವುದು ಹೆಚ್ಚಿನವಕ್ಕೆ ಸಾಧ್ಯವಿಲ್ಲ. ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ಉಗುರು, ಕವಲಿನ ತುದಿ, ರೋಮಗಳ ಸಾಲು ನೋಡಬೇಕು. ಗುಂಪು ಗುರುತಿಸುವುದು ಮಾತ್ರ ಸುಲಭ. ಉದ್ದನೆಯ ಮೈ, ಉದ್ದ ಕೊಂಬು, ಚುರುಕು ಓಟ ಒಂದು ಗುಂಪು. ಗಿಡ್ಡ ಕಾಲು, ದಪ್ಪ ಮೈ, ನಿಧಾನ ನಡಿಗೆ ಇನ್ನೊಂದು. ಗುಂಡು ಹೊಟ್ಟೆಯವು ಮೂರನೆಯದು. ನಾಲ್ಕನೆಯ ಗುಂಪು ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸಿನ ದುಂಡು ಪ್ರಾಣಿಗಳದ್ದು, ಕ್ಯಾಮೆರಾಕ್ಕೆ ಸಿಗುವುದು ಅಪರೂಪ. ಎಂಟು ಕಾಲು ಕಂಡರೆ ಅದು ನುಸಿ, ಸ್ಪ್ರಿಂಗ್‌ಟೇಲ್‌ ಅಲ್ಲ.

ಪ್ರತಿ ಪ್ರಾಣಿಯದ್ದು ಮೂರು ಚಿತ್ರ ಇರಲಿ: ಪಕ್ಕದಿಂದ, ಮೇಲಿನಿಂದ, ಮುಖದ ಕಡೆಯಿಂದ. ಅದೇ ಪಟ್ಟಿನಲ್ಲಿ ಸ್ಟೀಲ್ ಸ್ಕೇಲಿನದ್ದೂ ಒಂದು ತೆಗೆದಿಟ್ಟರೆ ಉದ್ದ ಅಳೆಯಬಹುದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕುವಾಗ ದಿನಾಂಕ, ಊರು, ಬೆಳೆ, ರವದಿ ಎಷ್ಟು ದಿನದ್ದು, ನೀರು ಬಿಟ್ಟು ಎಷ್ಟು ದಿನ ಎಂಬ ಐದು ವಿವರ ಬರೆಯಿರಿ. ಈ ವಿವರಗಳಿದ್ದರೆ ಚಿತ್ರ ಸಂಶೋಧಕರ ಉಪಯೋಗಕ್ಕೂ ಬರುತ್ತದೆ.

ಸುಟ್ಟ ಹೊಲ, ಹಾಸಿದ ಹೊಲ

ಕೈ ಪಳಗಿದ ಮೇಲೆ ಮಾಡಬೇಕಾದ ಕೆಲಸವೊಂದಿದೆ. ಒಂದೇ ಬಗೆಯ ಮಣ್ಣು, ಒಂದೇ ನೀರಾವರಿ ಇರುವ ಎರಡು ಕೂಳೆ ಹೊಲ ಆರಿಸಿ. ಒಂದರಲ್ಲಿ ರವದಿ ಸುಟ್ಟಿರಬೇಕು, ಇನ್ನೊಂದರಲ್ಲಿ ಹಾಸಿರಬೇಕು. ಎರಡರಿಂದಲೂ ಒಂದು ಅಡಿ ಚೌಕದಷ್ಟು ಜಾಗದ ಮೇಲ್ಪದರವನ್ನು ಒಂದೇ ದಿನ ತಂದು, ಒಂದೇ ಬಗೆಯ ಎರಡು ಬಾಟಲಿ ಆಲಿಕೆಯಲ್ಲಿ ಅಷ್ಟೇ ಹೊತ್ತು ಇಡಿ. ಕೆಳಗೆ ಬಿದ್ದವನ್ನು ಎಣಿಸಿ, ಪ್ರತಿ ಬಗೆಯದ್ದೂ ಒಂದು ಚಿತ್ರ ತೆಗೆಯಿರಿ. ತಿಂಗಳಿಗೊಮ್ಮೆ ಇದೇ ಜಾಗಗಳ ಪಕ್ಕದಲ್ಲಿ ಮತ್ತೆ ಮಾಡಿ. ಎಣಿಕೆ ಏನು ಬಂತೋ ಅದನ್ನೇ ಬರೆಯಿರಿ, ನಿಮಗಿಷ್ಟವಾದದ್ದನ್ನಲ್ಲ.

ಸಮೀರವಾಡಿಯಲ್ಲೇ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ಕಬ್ಬಿನ ಮೇಲೆ ಕೆಲಸ ಮಾಡುತ್ತಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರ ಸಂಕೇಶ್ವರದಲ್ಲಿದೆ. ರವದಿ ಸುಡಬೇಡಿ ಎಂಬ ಸಲಹೆಯನ್ನು ಕೃಷಿ ಇಲಾಖೆಯವರು ವರ್ಷ ವರ್ಷವೂ ಹೇಳುತ್ತ ಬಂದಿದ್ದಾರೆ. ಆದರೆ ಸುಟ್ಟರೆ ಏನು ಹೋಗುತ್ತದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ, ಮ್ಯಾಕ್ರೋ ಲೆನ್ಸಿಗೆ ಕಾಣುತ್ತದೆ.

ಶುರುಮಾಡಲು ನವೆಂಬರ್ ಸರಿ. ಕಾರ್ಖಾನೆ ಕಬ್ಬು ನುರಿಸತೊಡಗಿರುತ್ತದೆ, ಮೊದಲ ಹೊಲಗಳ ಕಟಾವು ಮುಗಿದಿರುತ್ತದೆ, ಬೆಳಗಿನ ಇಬ್ಬನಿಯೂ ಇರುತ್ತದೆ. ಮುಂದಿನ ಮಿರಗದ (ಮೃಗಶಿರಾ) ಮಳೆಯೊಳಗೆ ಎರಡೂ ಹೊಲಗಳ ಎಣಿಕೆ ಮತ್ತು ಚಿತ್ರ ನಿಮ್ಮ ಕೈಯಲ್ಲಿರುತ್ತವೆ. ಅವನ್ನು ಅಂಗೈಯಗಲ ಪ್ರಿಂಟ್ ಹಾಕಿಸಿ, ಮೊದಲು ಆ ಎರಡು ಹೊಲದ ಮಾಲೀಕರಿಗೇ ತೋರಿಸಿ. ಮುಂದಿನ ಕಟಾವಿಗೆ ಕಡ್ಡಿ ಗೀರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.